ಏನವಾ ಇದು ನಿನ್ನ ಅವತಾರ!

ನಾ ಬರೀದ ಭಾಳ ದಿವಸಾತು. ನಡಕ ಹಪ್ಪಳಾ, ಶ್ಯಾವಿಗಿ, ಮೊಣಕಾಲ ನೋವು ಅಂತ ಹೊತ್ತು ಹೋದದ್ದ ತಿಳೀಲಿಲ್ಲ. ಈ ಸಲ ಹೋಳಿಗಿ ಹೂರಣದ ಬಗ್ಗೆ ಬರೀತೀನಿ ಅಂತ ನಮ್ಮ ವೈನಿಗೆ ಮಾತು ಕೊಟ್ಟಿದ್ದೆ. ಹೂರಣಾನೂ ಬರ್ತದ, ಆದ್ರ ಕಡೀಕ. ಮೊದಲ ನಾ ಬೋಳ ತಲಿ ಆದ ಕಥಿ ಹೇಳ್ತೀನಿ. ಗಾಬರಿ ಆಗಬ್ಯಾಡ್ರಿ, ನನ್ನ ತಲಿ ಮ್ಯಾಲಿನ ಕೂದಲಾ ಇದ್ದಷ್ಟು ಇದ್ದಲ್ಲೇ ಅವ. ಬೋಳ ಆಗಿದ್ದು ನನ್ನ ಅವತಾರ.

ನಮ್ಮ ಸೊಸಿ ಮನ್ಯಾಗ ಕೂತು ಕಂಪನಿ ಕೆಲಸಾ ಮಾಡ್ತಾಳ ಅನ್ನೂದು ನಿಮಗೆಲ್ಲಾ ಗೊತ್ತದ. ಏನು ಕೆಲಸಾ ಅಂತ ಯಾರರೆ ಕೇಳಿದ್ರ ನಾ 'ಕಂಪ್ಯೂಟರಿಂದು' ಅಂತ ಹೇಳಿ ಮುಗಸ್ತಿದ್ದೆ. ಖರೆ ಹೇಳಬೇಕಂದ್ರ ನನಗೂ ಗೊತ್ತಿರಲಿಲ್ಲ. ಮೂರು ವರ್ಷದಾಗ ಒಂದು ಸಲಾನೂ ಕೇಳಿರಲಿಲ್ಲ. ಅಕಿನೂ ತಾನಾಗಿ ಹೇಳಿರಲಿಲ್ಲ.

ಅಕಿ ಹೇಳಲಾರದ್ದಕ್ಕ ಕಾರಣಾನೂ ಇತ್ತು. ಹೋದ ವರ್ಷ ಹೋಳಿಹುಣ್ಣಿವಿಗೆ ಮನಿ ತುಂಬ ಮಂದಿ ಇದ್ರು. ಹೂರಣಾ ನಾ ಮಾಡ್ತೀನಿ ಅಂತ ಅಕಿ ಹುರುಪಿನಿಂದ ಕೂತ್ಲು. ಆ ಹೂರಣಾ ನೀರ ನೀರ ಆತು. ಕಣಕದಾಗ ನಿಲ್ಲವಲ್ತು, ಲಟ್ಟಿಸಿದ್ರ ಹರದು ಹೊರಗ ಬರ್ಲಿಕ್ಹತ್ತು. ನಾ ಎಲ್ಲಾರ ಮುಂದ "ಅಯ್ಯ, ಇಷ್ಟೂ ಬರೂದಿಲ್ಲೇನವಾ ನಿನಗ?" ಅಂದುಬಿಟ್ಟೆ. ಅಕಿ ಏನೂ ಮಾತಾಡ್ಲಿಲ್ಲ. ಕೈ ತೊಳಕೊಂಡು ಒಳಗ ಹೋದ್ಲು. ಆವತ್ತಿಂದ ಅಡಗಿಮನ್ಯಾಗ ನನಗ ಏನೂ ಕೇಳೂದು ಬಿಟ್ಲು. ಏನರೆ ಮಾಡೂದಿದ್ರ ಮೊಬೈಲ್ ಗ್ವಾಡಿಗೆ ಆನಿಸಿ ಇಟ್ಕೊಂಡು, ಅದರಾಗ ನೋಡಿ ಮಾಡ್ತಿದ್ಲು. ಜಗಳಿಲ್ಲ, ಸಿಟ್ಟಿಲ್ಲ. 'ಚಾ ಬೇಕೇನ್ರಿ, ಗುಳಗಿ ತೊಗೊಂಡ್ರಿ?' ಎಲ್ಲಾ ಇತ್ತು. ಕೇಳೂದೊಂದು ಇರಲಿಲ್ಲ. ಹಂಗಿದ್ದಾಗ ಮನಿ ಹೆಂಗಿರ್ತದ ಅಂತ ನಿಮಗ ನಾ ಹೇಳೂದು ಬ್ಯಾಡ.

ಅಂಥಾಕಿ ಈ ಸಲ ದಸರಾ ಮುಗದ ವಾರ ಬಂದು ನನ್ನ ಮುಂದ ನಿಂತ್ಲು. "ಅತ್ಯಾರ, ನಿಮ್ಮಿಂದ ಒಂದು ಕೆಲಸಾ ಆಗಬೇಕಿತ್ತು. ಒಂದು ತಾಸು ಕೂಡ್ತೀರೇನು?" ಅಂದ್ಲು. ನಾ ಹಿಂದ ಮುಂದ ನೋಡಲಾರದ ಹೂಂ ಅಂದೆ. ಏನು ಕೆಲಸಾ ಅಂತ ಆಮ್ಯಾಲೆ ಕೇಳಿದೆ.

ಅಕಿ ಕೆಲಸಾ ಏನಂದ್ರ, ಹೊಸಾ ಮಿಕ್ಸರ್ ತಂದ್ರ ಡಬ್ಬ್ಯಾಗ ಒಂದು ಸಣ್ಣ ಪುಸ್ತಕಾ ಇರ್ತದಲ್ಲಾ, 'ಮೊದಲ ಇದನ್ನ ಒತ್ತರಿ, ಆಮ್ಯಾಲೆ ಅದನ್ನ ತಿರವರಿ' ಅಂತ? ಅಂಥಾ ಪಾಠ ಬರಿಯೂದು. ಪುಸ್ತಕದಾಗ ಅಲ್ಲ, ಕಂಪ್ಯೂಟರ್‌ದಾಗ ನೋಡೂ ಹಂಗ, ಚಿತ್ರಾ ಹಾಕಿ. ಈ ಸಲ ಬರದದ್ದು 'ಸೆಕೆಂಡ್ ಲೈಫ್' ಅನ್ನೂ ಜಗತ್ತಿನೊಳಗ ಅವತಾರಾ ತಯಾರ ಮಾಡ್ಕೊಳ್ಳೂದು ಹೆಂಗ ಅಂತ.

ಈ ಸೆಕೆಂಡ್ ಲೈಫ್ ಅಮೆರಿಕಾದ ಸ್ಯಾನ್ ಫ್ರಾನ್ಸಿಸ್ಕೋದ ಲಿಂಡನ್ ಲ್ಯಾಬ್ ಕಂಪನಿಯವರು 2003ರಾಗ ಸುರು ಮಾಡಿದ್ದು. ನೋಡಲಿಕ್ಕೆ ಆಟದ ಹಂಗ ಅದ, ಆದ್ರ ಅಲ್ಲೆ ಗೆಲ್ಲೂದು ಸೋಲೂದು ಇಲ್ಲ. ಮನಿ, ಅಂಗಡಿ, ಸಮುದ್ರದ ದಂಡಿ ಎಲ್ಲಾ ಅವ. ಅವನ್ನ ಕಟ್ಟಿದವರು ಹೆಚ್ಚಾಗಿ ಅಲ್ಲೆ ಹೋಗಿ ಬಂದು ಮಾಡೂ ಮಂದಿನ. ಅವರ ಅರಿವಿ, ಕೂದಲಾ, ಚಪ್ಪಲಿ ಎಲ್ಲಾ ಮಾಡಿ ಮಾರ್ತಾರ. ಲಿಂಡನ್ ಡಾಲರ್ ಅಂತ ಅಲ್ಲಿದ ಒಂದು ರೊಕ್ಕ. ಆ ಜಗತ್ತಿನೊಳಗ ನಮ್ಮ ಬದಲಿ ಓಡ್ಯಾಡೂ ಗೊಂಬಿಗೆ ಅವತಾರ ಅಂತಾರ.

ನಮ್ಮ ಶಬ್ದ ಅವರ ಕಡೆ ಹೆಂಗ ಹೋತು ಅಂತ ಕೇಳಿದೆ. 1980ರ ದಶಕದಾಗ ಲೂಕಾಸ್‌ಫಿಲ್ಮ್‌ನವರು 'ಹ್ಯಾಬಿಟ್ಯಾಟ್' ಅಂತ ಇಂಥಾದ ಒಂದು ಜಗತ್ತು ಮಾಡಿದಾಗ ಈ ಶಬ್ದ ತೊಗೊಂಡಿದ್ರಂತ. ಆಮ್ಯಾಲೆ 1992ರಾಗ ನೀಲ್ ಸ್ಟೀಫನ್‌ಸನ್ ಬರದ 'ಸ್ನೋ ಕ್ರ್ಯಾಶ್' ಅನ್ನೂ ಕಾದಂಬರಿಯಿಂದ ಎಲ್ಲಾ ಕಡೆ ಹಬ್ಬಿತಂತ. ದೇವರು ಮ್ಯಾಲಿಂದ ಭೂಮಿಗೆ ಇಳದ್ರ ಅವತಾರ, ನಾವು ಹೊರಗಿಂದ ಕಂಪ್ಯೂಟರ್ ಒಳಗ ಇಳದ್ರೂ ಅವತಾರ. ನಮ್ಮ ಅವ್ವ ಮಾತ್ರ ನಾ ತಲಿ ಹಿಕ್ಕೊಳ್ಳಲಾರದ ಅಂಗಳಕ್ಕ ಬಂದ್ರ "ಏನವಾ ಇದು ನಿನ್ನ ಅವತಾರ!" ಅಂತಿದ್ಲು.

ಹೊರದೇಶದ ಒಂದು ಕಾಲೇಜಿನವರು ಆ ಜಗತ್ತಿನೊಳಗ ತರಗತಿ ನಡಸ್ತಾರಂತ. ಅಲ್ಲೆ ಕಲೀಲಿಕ್ಕೆ ಬರೂವವರಾಗ ಐವತ್ತು, ಅರವತ್ತು ದಾಟಿದವರೂ ಇದ್ದಾರ. ಅವರಿಗೆ ಅಂತ ಈ ಪಾಠ. ಐದು ಮಂದಿ ಅಂಥಾವರನ್ನ ಕೂಡಿಸಿ, ಪಾಠ ನೋಡಿ ಅವರು ಕೆಲಸಾ ಮಾಡ್ತಾರೋ ಇಲ್ಲೋ ಅಂತ ಪರೀಕ್ಷಾ ನಡಸೂದಿತ್ತು. ಅದಕ್ಕಿಂತ ಮೊದಲ, ಪರೀಕ್ಷಾ ನಡಸೂ ರೀತಿನ ಸರಿ ಅದನೋ ಇಲ್ಲೋ ಅಂತ ಒಬ್ಬರ ಮ್ಯಾಲೆ ತಾಲೀಮು ಮಾಡ್ತಾರ. ಅದಕ್ಕ ಪೈಲಟ್ ಅಂತಾರ. ಆ ಒಬ್ಬಾಕಿ ನಾ.

"ನನ್ನ ಇಂಗ್ಲಿಷು ಪಿಯುಸಿ ತನಕಾಂದು. ನನ್ನ ಮ್ಯಾಲೆ ಏನು ನೋಡ್ತೀವಾ?" ಅಂದೆ. "ಓದಲಿಕ್ಕೆ ಬರ್ತದಲ್ಲಾ, ಸಾಕು. ಇದರಾಗ ಮೊದಲ ಎಂದೂ ಕೈ ಹಾಕಲಾರದವರು ಬೇಕು" ಅಂದ್ಲು. ಹಂಗಾದ್ರ ನಾ ಅಗದಿ ತಕ್ಕಾಕಿ.

ಪಡಸಾಲ್ಯಾಗ ಮೇಜಿನ ಮ್ಯಾಲೆ ಲ್ಯಾಪ್‌ಟಾಪು, ಒಂದು ಮೌಸು, ಒಂದು ಹಾಳಿ. ನಾ ಮಾಡೂದೆಲ್ಲಾ, ಮಾತಾಡೂದೆಲ್ಲಾ ರೆಕಾರ್ಡ್ ಆಗ್ತದ ಅಂತ ಹೇಳಿ, ಒಪ್ಪಿಗಿ ಅದ ಅಂತ ನನ್ನ ಸಹಿ ತೊಗೊಂಡ್ಲು. ಮನಿ ಸೊಸಿಗೆ ಸಹಿ ಮಾಡಿ ಕೊಡೂದು ನನಗ ನಗಿ ತರಿಸ್ತು. ಅಕಿ ಮಾತ್ರ ನಗಲಿಲ್ಲ, ಹಾಳಿ ನೋಡಿ ಓದಿದ್ಲು. "ಪರೀಕ್ಷಾ ನಿಮಗಲ್ಲ. ಪರೀಕ್ಷಾ ಈ ಪಾಠಕ್ಕ. ನೀವು ಎಲ್ಲೆರೆ ಸಿಕ್ಕೊಂಡ್ರ ತಪ್ಪು ಪಾಠದ್ದು, ನಿಮ್ಮದಲ್ಲ. ಮನಸಿನ್ಯಾಗ ಏನು ಬರ್ತದ ಅದನ್ನ ಬಾಯಿ ಬಿಟ್ಟು ಹೇಳ್ಕೋತ ಹೋಗ್ರಿ. ನೀವು ಕೇಳಿದ್ರೂ ನಾ ಹೇಳಿಕೊಡೂ ಹಂಗಿಲ್ಲ." ಕಡೇ ಮಾತಿಗೆ ನನಗ ಖೊಟ್ಟಿ ಅನಸ್ತು. ಹೂರಣದ ಸೇಡು ತೀರಸ್ಕೋತಾಳೇನು ಅಂತ ಒಂದು ಕ್ಷಣ ಮನಸಿನ್ಯಾಗ ಬಂತು. ಬಾಯಿ ಬಿಟ್ಟು ಹೇಳಲಿಲ್ಲ.

ಹಾಳಿ ಮ್ಯಾಲೆ ಕೆಲಸಾ ನಾಕು. ಗೊಂಬಿ ಎತ್ತರ, ದಪ್ಪ ನಿಮಗ ಬೇಕಾದಂಗ ಮಾಡರಿ. ಜಾಕೆಟ್ ಹಾಕರಿ. ಟೊಪಗಿ ಹಾಕರಿ. ಮಾಡಿದ್ದನ್ನ ಉಳಿಸಿಡ್ರಿ. ಪಾಠದಾಗ 22 ಮೆಟ್ಟಲಾ.

ಮೊದಲನೇ ಮೆಟ್ಟಲದಾಗ ನಾ ಎಡವಿದೆ. 'ನಿಮ್ಮ ಅವತಾರದ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಎಡಿಟ್ ಮೈ ಶೇಪ್ ಆರಿಸ್ರಿ' ಅಂತ ಇತ್ತು. ರೈಟ್ ಕ್ಲಿಕ್ ಅಂದ್ರ ಇಲಿ ಬಲಗಿವಿ ಒತ್ತೂದು, ಅಷ್ಟು ಗೊತ್ತು. ನಾ ಒತ್ತಿದ್ದು ಗೊಂಬಿ ಬಾಜೂಕಿನ ಬೆಂಚಿಗೆ. ಬ್ಯಾರೆ ಪಟ್ಟಿ ಬಂತು. ಅದರಾಗ 'ಸಿಟ್ ಹಿಯರ್' ಇತ್ತು, ಅದನ್ನ ಒತ್ತಿದೆ. ಗೊಂಬಿ ಹೋಗಿ ಬೆಂಚಿನ ಮ್ಯಾಲೆ ಆರಾಮ ಕೂತುಬಿಡ್ತು! "ಅಯ್ಯ, ಇಕಿ ಕೂತ್ಲಲ್ಲಾ. ಏಳವಾ, ಕೆಲಸಾ ಅದ" ಅಂತ ನಾ ಗೊಂಬಿಗೆ ಬೈದೆ. ಸೊಸಿ ತುಟಿ ಕಚ್ಚಿ ಹಿಡದು ಏನೋ ಬರಕೊಂಡ್ಲು.

ಹೆಂಗೋ ಎಬ್ಬಿಸಿದೆ. ಆಮ್ಯಾಲೆ ಪಟ್ಟಿ ತಗೀತು. ಒಂದೊಂದಕ್ಕೂ 0ಯಿಂದ 100ರ ತನಕ ಸರಸೂ ಗುಂಡಿ. ಎತ್ತರ, ದಪ್ಪ, ಕೊಬ್ಬು, ಹೊಟ್ಟಿ, ಮೂಗಿನ ಅಗಲ, ಗಲ್ಲದ ಎಲುವು, ಏನುಂಟು ಏನಿಲ್ಲ. 'ಸ್ಯಾಡಲ್ ಬ್ಯಾಗ್ಸ್' ಅಂತ ಒಂದಿತ್ತು. ಕುದುರಿ ಬೆನ್ನಿನ ಚೀಲಾ ಅನ್ಕೊಂಡು ಜೋರ ಸರಿಸಿದೆ. ಚೀಲಾ ಬರಲಿಲ್ಲ, ತೊಡಿ ಎರಡೂ ಕಡೆ ಉಬ್ಬಿದ್ವು. "ಇದು ನನಗ ಮೊದಲ ಅದ, ಬ್ಯಾಡ" ಅಂತ ಹೊಳ್ಳಿ ಇಳಿಸಿದೆ. ಪಾಠದ ಚಿತ್ರದಾಗ ಎಲ್ಲಾ ಗೊಂಬಿನೂ ಎತ್ತರಕ್ಕ ತೆಳ್ಳಗ, ಇಪ್ಪತ್ತು ವರ್ಷದ ಹುಡುಗ್ಯಾರ ಹಂಗ. ನಾ ನನ್ನ ಅವತಾರಾ ನನ್ನ ಹಂಗ ಮಾಡ್ಕೊಂಡೆ. ಕುಳ್ಳಗ, ಸ್ವಲ್ಪ ಹೊಟ್ಟಿ, ಅಗಲ ಮಾರಿ. ಮಾಡಿ ಮುಗಿಸಿದಾಗ ಭಾಳ ವರ್ಷದ ಗೆಳತಿ ನೋಡಿದಂಗ ಆತು.

ಆಮ್ಯಾಲೆ ಜಾಕೆಟ್. ಇನ್ವೆಂಟರಿ ಅಂತ ಒಂದು ಅದ, ನಮ್ಮ ಟ್ರಂಕ್ ಇದ್ದಂಗ. ಸೊಸಿ ಅದರಾಗ ಮೊದಲ ಸಾಮಾನಾ ಹಾಕಿಟ್ಟಿದ್ಲು. 'ವೇರ್' ಒತ್ತಿದೆ, ಜಾಕೆಟ್ ಬಂತು. ಆದ್ರ ಗೊಂಬಿ ಬೆನ್ನಷ್ಟ ಕಾಣಸ್ತದ, ಮಾರಿ ಕಾಣವಲ್ತು. ಆ ಜಗತ್ತಿನಾಗ ನಾವು ಯಾವಾಗಲೂ ನಮ್ಮ ಬೆನ್ನ ಹಿಂದ ನಿಂತಿರ್ತೀವಂತ. ಮುಂದಿಂದ ನೋಡಬೇಕಂದ್ರ 'ಆಲ್ಟ್' ಗುಂಡಿ ಒತ್ತಿ ಹಿಡದು ಮೌಸಿನ್ಯಾಗಿಂದ ತಿರವಬೇಕು. ಅದನ್ನ ಪಾಠದಾಗ ಬರದದ್ದು 19ನೇ ಮೆಟ್ಟಲದಾಗ. ನನಗ ಬೇಕಾಗಿದ್ದು 7ನೇದರಾಗ. ಒಗ್ಗರಣಿ ಹೊತ್ತಿ ಹೋದ ಮ್ಯಾಲೆ 'ಉರಿ ಸಣ್ಣ ಇರಲಿ' ಅಂದಂಗ ಆತಲ್ಲಾ!

ಮೂರನೇದು ಟೊಪಗಿ. ಅದಕ್ಕೂ 'ವೇರ್' ಒತ್ತಿದೆ. ಟೊಪಗಿ ಬಂತು. ಕೂದಲಾ ಹೋತು.

ನಾ ಏನೋ ತಪ್ಪು ಮಾಡೀನಿ ಅಂತ ಟೊಪಗಿ ತಗದೆ. ಅಗದಿ ಬೋಳ. ನನ್ನ ಹಂಗ ಮಾಡಿದ್ನೆಲ್ಲಾ, ನನ್ನ ಮಾರಿ, ನನ್ನ ಹೊಟ್ಟಿ, ಅದರ ಮ್ಯಾಲೆ ಬೋಳ ತಲಿ. ಒಳಗಿಂದ ನಮ್ಮನಿಯವರು ಹಣಿಕಿ ಹಾಕಿ "ಏನು ಅವತಾರನ ಇದು!" ಅಂತ ಜೋರ ನಕ್ಕರು.

ನಾ ಸಣ್ಣಾಕಿದ್ದಾಗ ತವರಮನ್ಯಾಗ ನಮ್ಮ ಅಜ್ಜನ ತಂಗಿ ಇದ್ಲು. ಹದಿನಾರು ತುಂಬೂ ಮೊದಲ ಗಂಡನ್ನ ಕಳಕೊಂಡಾಕಿ. ಕೆಂಪ ಸೀರಿ, ತಲಿ ತುಂಬ ಸೆರಗು. ಒಂದು ಮಧ್ಯಾಹ್ನ ಹಿತ್ತಲ ಕಟ್ಟಿ ಮ್ಯಾಲೆ ಅಡ್ಡಾಗಿದ್ಲು, ಸೆರಗು ಸರದಿತ್ತು. ನನಗ ಆರೇಳು ವರ್ಷ. ಆ ತಲಿ ನೋಡಿ ನಾ ನಕ್ಕಿದ್ದೆ. ಅಕಿ ಎಚ್ಚರಾಗಿ ಸೆರಗು ಎಳಕೊಂಡ್ಲು. ನನಗ ಬೈಲಿಲ್ಲ, ಹೊಡೀಲಿಲ್ಲ. ಎದ್ದು ಹೋಗಿ ಬೆಲ್ಲದ ಡಬ್ಬಿ ತಗದು ಒಂದು ಹಳ್ಳು ಕೈಯಾಗ ಇಟ್ಲು. ಅದು ನನಗ ಐವತ್ತು ವರ್ಷ ಆದ್ರೂ ಮರತಿಲ್ಲ.

ಸೊಸಿಗೆ ಇದ್ಯಾವುದೂ ಗೊತ್ತಿಲ್ಲ. ಅಕಿ ಹೇಳಿಕೊಡೂ ಹಂಗಿಲ್ಲ, ಮಾತಾಡೂ ಹಂಗಿಲ್ಲ. ಆದ್ರ ಅಕಿ ಒಂದು ಕೆಲಸಾ ಮಾಡಿದ್ಲು. ಪೆನ್ನು ಕೆಳಗಿಟ್ಟು, ಮಾವನ ಕಡೆ ತಿರುಗಿ ಕೈ ಎತ್ತಿದ್ಲು. ನಗಬ್ಯಾಡ್ರಿ ಅಂತ. ಮಾತಿಲ್ಲ, ಕೈ ಅಷ್ಟ. ನಮ್ಮನಿಯವರು ಸುಮ್ಮನ ಒಳಗ ಹೋದ್ರು.

ನಾ ಆ ಗುಂಡಿ ಈ ಗುಂಡಿ ಒತ್ತಿದೆ. ಕೂದಲಾ ಬರಲಿಲ್ಲ. "ನಾ ಕೆಡಿಸಿಬಿಟ್ಟೆ. ನನಗ ಇವೆಲ್ಲಾ ತಿಳಿಯೂದಿಲ್ಲ" ಅಂದು ಕೈ ಕಟ್ಟಿ ಕೂತೆ. "ಇಲ್ಲಿಗೆ ನಿಲ್ಲಸೂಣು. ನಿಮ್ಮಿಂದ ಭಾಳ ಉಪಯೋಗ ಆತು" ಅಂದ್ಲು ಅಕಿ. ಉಪಯೋಗ ಏನು ಬಂತು ಮಣ್ಣು, ಅಂದೆ.

ಆಮ್ಯಾಲೆ ಒಂದು ಹಾಳಿ ತುಂಬಲಿಕ್ಕೆ ಕೊಟ್ಲು. ಜಾನ್ ಬ್ರೂಕ್ ಅನ್ನವರು 1986ರಾಗ ಮಾಡಿದ್ದಂತ. ಹತ್ತು ವಾಕ್ಯ, ಒಂದು ಹೊಗಳೂದು, ಮುಂದಿಂದು ತೆಗಳೂದು, ಹಂಗ ಸಾಲಾಗಿ. ಒಪ್ಪತೀರೋ ಇಲ್ಲೋ ಅಂತ 1ರಿಂದ 5ರ ತನಕ ಗುರುತು ಹಾಕೂದು. ಲೆಕ್ಕಾ ಹಾಕಿದ್ರ ನೂರಕ್ಕ ಇಷ್ಟು ಅಂತ ಬರ್ತದ. ಸಾಧಾರಣ 68 ಬರೂದಂತ. ಸೊಸಿ ಮಾಡಿದ್ದಲ್ಲಾ ಅಂತ ನಾ ಎಲ್ಲಾ ಛಲೋ ಗುರುತು ಹಾಕಿದೆ. 80 ಬಂತು. ಅಕಿ ನಕ್ಕು "ಅತ್ಯಾರ, ಬಾಯಿ 80 ಹೇಳ್ತದ, ಕೈ ಬ್ಯಾರೆ ಹೇಳ್ತದ. ಮನಿ ಮಂದಿ ಅಂಕ ಲೆಕ್ಕಕ್ಕ ಹಿಡಿಯೂದಿಲ್ಲ. ನೀವು ಏನು ಮಾಡಿದ್ರಿ ಅನ್ನೂದು ಹಿಡೀತೀನಿ" ಅಂದ್ಲು.

ಚಾ ಕುಡಕೋತ ಅಕಿ ಬರಕೊಂಡಿದ್ದನ್ನ ಓದಿ ತೋರಿಸಿದ್ಲು. ಎಲ್ಲೆ ನಿಂತೆ, ಎಲ್ಲೆ ಹೊಳ್ಳಿ ಹೋದೆ, ಎಲ್ಲಾ ವ್ಯಾಳ್ಯಾ ಸಮೇತ. ಒಂದು ಕಡೆ 'ತಪ್ಪು ನಂದು ಅಂದದ್ದು: 11 ಸಲ' ಅಂತ ಇತ್ತು. ನನಗ ಗೊತ್ತ ಇಲ್ಲ ನಾ ಅಷ್ಟು ಸಲ ಅಂದೀನಿ ಅಂತ. ಗ್ಯಾಸ್ ಬುಕ್ ಮಾಡೂಮುಂದ, ಓಟಿಪಿ ಹಾಕೂಮುಂದ, ಬ್ಯಾಂಕಿನ್ಯಾಗ ಫಾರ್ಮ್ ತುಂಬೂಮುಂದ ಎಷ್ಟು ಸಲ ಅಂದಿರಬೇಕು ಬಿಡ್ರಿ.

"ಟೊಪಗಿ ಹತ್ರ 1 ನಿಮಿಷ 10 ಸೆಕೆಂಡು ನೀವು ಏನೂ ಮಾತಾಡಿಲ್ಲ. ಆವಾಗ ಏನು ವಿಚಾರ ಮಾಡ್ಲಿಕ್ಹತ್ತಿದ್ರಿ?" ಅಂತ ಕೇಳಿದ್ಲು. ನಾ ಅಜ್ಜನ ತಂಗಿ ಕಥಿ ಹೇಳಿದೆ. ನಮ್ಮ ಮಗಗೂ ಹೇಳಿರಲಾರದ್ದು. ಅಕಿ ಚಾ ಆರೂ ತನಕಾ ಕೇಳ್ಕೋತ ಕೂತ್ಲು.

ಆಮ್ಯಾಲೆ ಕೂದಲಾ ಎಲ್ಲೆ ಹೋಗಿತ್ತು ಅಂತ ತೋರಿಸಿದ್ಲು. ಅವತಾರದ ಮೈ ಮ್ಯಾಲೆ ಅಲ್ಲಲ್ಲೆ ಗೂಟ ಇದ್ದಂಗ ಜಾಗಾ ಇರ್ತಾವ. ಕೂದಲಾನೂ ಆ ಟೊಪಗಿನೂ 'ಸ್ಕಲ್' ಅನ್ನೂ ಒಂದ ಗೂಟಕ್ಕ ಬೀಳೂವಂಥಾವು. 'ವೇರ್' ಒತ್ತಿದ್ರ ಗೂಟಕ್ಕ ಮೊದಲಿದ್ದದ್ದನ್ನ ತಗದು ಹೊಸಾದು ಹಾಕ್ತದ. 'ಆ್ಯಡ್' ಒತ್ತಿದ್ರ ಮೊದಲಿಂದು ಇದ್ದಂಗ ಇರ್ತದ, ಅದರ ಮ್ಯಾಲೆ ಇದು ಬರ್ತದ. ಕೂದಲಾ ಎಲ್ಲೂ ಹೋಗಿರಲಿಲ್ಲ, ಟ್ರಂಕಿನಾಗ ಇತ್ತು. ಎರಡು ಸಲ ಒತ್ತಿದ್ರ ಹೊಳ್ಳಿ ಬಂತು. "ಇಷ್ಟ ಏನು?" ಅಂದೆ. "ಇಷ್ಟ. ಇದನ್ನ ನಾ ಬರದಿರಲಿಲ್ಲ. ನನಗ ಕೈ ರೂಢಿ, ಬರಿಯೂದು ಹೊಳೀಲೇ ಇಲ್ಲ" ಅಂದ್ಲು.

ಹಂಗಾದ್ರೂ ನನ್ನ ಮನಸಿನ್ಯಾಗ ನನ್ನ ಇಂಗ್ಲಿಷು ಕಚ್ಚಾ, ಅದಕ್ಕ ಹಿಂಗಾತು ಅಂತ ಇತ್ತು. ಮುಂದಿನ ವಾರ ಆ ಐದು ಮಂದಿ ಮ್ಯಾಲೆ ವಿಡಿಯೋದಾಗ ಪರೀಕ್ಷಾ ನಡೀತು. ಹಳೇ ಪಾಠಾನ ಇಟ್ಟಿದ್ಲು, ನಾ ಸಿಕ್ಕೊಂಡಲ್ಲೇ ಅವರೂ ಸಿಕ್ಕೋತಾರೋ ಇಲ್ಲೋ ಅಂತ. ಎಲ್ಲಾರೂ ಇಂಗ್ಲಿಷ್ ಮಾತಾಡಿ ಬೆಳದವರು. ರಾತ್ರಿ ಹನ್ನೊಂದಕ್ಕ ಅಕಿ ನನ್ನ ಖೋಲಿ ಬಾಗಲಾ ಬಡದು "ಅತ್ಯಾರ, ಐದರಾಗ ನಾಕು ಮಂದಿ ಕೂದಲಾ ಹೋತು!" ಅಂದ್ಲು. ಮಂದಿ ಕೂದಲಾ ಹೋದ್ರ ಇಷ್ಟು ಖುಷಿ ಆಗ್ತದ ಅಂತ ನನಗ ಗೊತ್ತಿರಲಿಲ್ಲ. ಅವರಾಗ ಒಬ್ರು ನಕ್ಕರಂತ, ಒಬ್ರು 'ನನ್ನ ಕಡಿಂದ ಆಗೂದಿಲ್ಲ, ಬಂದ್ ಮಾಡೂಣು' ಅಂದ್ರಂತ. ಥೇಟ್ ನಾನ!

ಬರೇ ಐದು ಮಂದಿ ಮ್ಯಾಲೆ ನೋಡಿ ಹೆಂಗ ತಿಳೀತದ ಅಂತ ಕೇಳಿದೆ. ಜೇಕಬ್ ನೀಲ್ಸನ್ ಅಂತ ಒಬ್ರು 2000ರಾಗ ಬರದಾರಂತ, ಐದು ಮಂದಿ ಮ್ಯಾಲೆ ನೋಡಿದ್ರ ಸುಮಾರು 85 ಪ್ರತಿಶತ ತೊಂದರಿ ಸಿಗ್ತಾವ ಅಂತ. ಒಮ್ಮೆಲೆ ಹದಿನೈದು ಮಂದಿನ್ನ ಕೂಡಸೂದಕ್ಕಿಂತ, ಐದು ಮಂದಿ ಮ್ಯಾಲೆ ನೋಡಿ ತಿದ್ದಿ, ಮತ್ತ ಐದು ಮಂದಿ ಮ್ಯಾಲೆ ನೋಡೂದು ಛಲೋ ಅಂತ. ನಾವು ಅನ್ನ ಬೆಂದದ್ದು ನೋಡಲಿಕ್ಕೆ ಪಾತೇಲಿನ ಎಲ್ಲಾ ಅಗಳು ಹಿಚಕತೀವೇನು?

ಅಕಿ ಪಾಠ ತಿದ್ದಿದ್ಲು. 22 ಮೆಟ್ಟಲಾ 14 ಆದ್ವು. ಆಲ್ಟ್ ಗುಂಡಿದು ಮೊದಲ ಬಂತು. ಬೆಂಚು, ಗಿಡಾ ಯಾವುದೂ ಇಲ್ಲದ ಬಯಲಾಗ ಗೊಂಬಿ ನಿಂದ್ರಿಸಿ ಚಿತ್ರಾ ತಗದ್ಲು. ಕುಳ್ಳಗ, ದಪ್ಪಗ ಇರೂ ಗೊಂಬಿನೂ ಚಿತ್ರದಾಗ ಬಂದ್ವು. ಟೊಪಗಿ ಹತ್ರ 'ಆ್ಯಡ್' ಅಂತ ಬರದು, ಅದರ ಕೆಳಗ ಒಂದು ಚೌಕ ಮಾಡಿ ಬರದ್ಲು: ಕೂದಲಾ ಕಾಣಸಲಿಲ್ಲಂದ್ರ ಅಂಜಬ್ಯಾಡ್ರಿ. ಅದು ಕಳದಿಲ್ಲ. ನಿಮ್ಮ ಇನ್ವೆಂಟರ್ಯಾಗ ಅದ. ಹಿಂಗ ಮಾಡಿದ್ರ ಹೊಳ್ಳಿ ಬರ್ತದ.

ಅದನ್ನ ಇಂಗ್ಲಿಷಿನ್ಯಾಗ ಓದಿದಾಗ ನನಗ ಗಂಟಲು ಕಟ್ಟಿತು. ಯಾಕ ಅಂತ ಕೇಳಬ್ಯಾಡ್ರಿ.

ಹಿಂಗ ಬರೀಬೇಕು ಅನ್ನೂದು ಹೊಸಾದಲ್ಲಂತ. ಜಾನ್ ಕ್ಯಾರಲ್ ಅನ್ನವರು 1980ರ ದಶಕದಾಗ ಐಬಿಎಂ ಕಂಪನ್ಯಾಗ ಹೊಸಬರು ಕಂಪ್ಯೂಟರ್ ಕಲಿಯೂದನ್ನ ಕೂತು ನೋಡಿದ್ರಂತ. ಮಂದಿ ಪುಸ್ತಕಾ ಮೊದಲಿಂದ ಕಡೀ ತನಕಾ ಓದೂದಿಲ್ಲ. ಕೆಲಸಕ್ಕ ಕೈ ಹಾಕ್ತಾರ, ತಪ್ಪತಾರ, ತಪ್ಪಿದಲ್ಲೆ ದಾರಿ ಹುಡುಕತಾರ. ಅದಕ್ಕ ಪಾಠ ಸಣ್ಣದಿರಬೇಕು, ಕೈಗೆ ಕೆಲಸಾ ಕೊಡಬೇಕು, ತಪ್ಪಾದ್ರ ಗುರುತು ಹಿಡಿಯೂದು ಹೆಂಗ, ಹೊಳ್ಳಿ ಬರೂದು ಹೆಂಗ ಅಂತ ಅಲ್ಲೇ ಹೇಳಬೇಕು. 1990ರಾಗ ಅವರು ಬರದ ಪುಸ್ತಕದ ಹೆಸರು 'ನ್ಯೂರೆಂಬರ್ಗ್ ಫನಲ್'. ಫನಲ್ ಅಂದ್ರ ಎಣ್ಣಿ ಸುರವೂ ಲಾಳಿಕಿ. ತಲಿ ಮ್ಯಾಲೆ ಲಾಳಿಕಿ ಇಟ್ಟು ವಿದ್ಯಾ ಸುರವಿದ್ರ ಇಳೀತದ ಅನ್ನೂ ಜರ್ಮನಿ ಕಡೆ ಒಂದು ಹಳೇ ಚ್ಯಾಷ್ಟಿ ಮಾತದಂತ. ಹಂಗ ಇಳಿಯೂದಿಲ್ಲ ಅಂತ ಹೇಳೂ ಪುಸ್ತಕಾ ಅದು.

ಆವತ್ತು ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಹೂರಣಾ ನೀರಾದಾಗ ನಾ ಅಕಿಗೆ 'ಇಷ್ಟೂ ಬರೂದಿಲ್ಲೇನು' ಅಂದೆ. 'ಅಂಜಬ್ಯಾಡ, ಇದು ಕೆಟ್ಟಿಲ್ಲ, ಮತ್ತ ಒಲಿ ಮ್ಯಾಲೆ ಇಡು' ಅನ್ನಲಿಲ್ಲ. ಅದೂ ಇಷ್ಟ ಇತ್ತು. ನಾನೂ ಬರದಿರಲಿಲ್ಲ, ಹೇಳಿರಲಿಲ್ಲ. ಮೂವತ್ತು ವರ್ಷದ ಕೈ ರೂಢಿ ನಂದು. ಕಲಸೂದು ಅಂದ್ರ ದಾರಿ ತೋರಸೂದಷ್ಟ ಅಲ್ಲ, ದಾರಿ ತಪ್ಪಿದ್ರ ಹೊಳ್ಳಿ ಬರೂದನ್ನೂ ಹೇಳೂದು. ನಮ್ಮ ಅತ್ತಿ ನನಗ ಹೇಳಿರಲಿಲ್ಲ, ನಾ ಇಕಿಗೆ ಹೇಳಲಿಲ್ಲ.

ತಿದ್ದಿದ ಪಾಠ ನೋಡಲಿಕ್ಕೆ ಮತ್ತ ಒಬ್ಬರು ಬೇಕಿತ್ತು. ನಾ ನಡೀತಿದ್ದಿಲ್ಲ, ಒಮ್ಮೆ ಕಲತವರು ಮತ್ತ ಹೊಸಬರಾಗೂದಿಲ್ಲ. ಎದುರಮನಿ ಕಾಕೂನ ಕರದ್ವಿ. ಕಾಕು ಟೊಪಗಿ ಹಾಕಿದ್ರು, ಕೂದಲಾ ಇದ್ದಲ್ಲೇ ಇತ್ತು. ಬೆಂಚಿನ ಮ್ಯಾಲೆ ಕೂಡಲಿಲ್ಲ. ಆದ್ರ ಉಳಿಸಿಡೂ ಮೆಟ್ಟಲದಾಗ ಹೊಸಾದೊಂದು ಕಡೆ ಸಿಕ್ಕೊಂಡ್ರು. ಸೊಸಿ ಬ್ಯಾಸರಾಗಲಿಲ್ಲ, ಖುಷಿಯಿಂದ ಬರಕೊಂಡ್ಲು. ನನಗ ಹೇಳಿಕೊಡಬೇಕು ಅಂತ ನಾಲಿಗಿ ತುರಸ್ತಿತ್ತು, ಸೆರಗು ಬಾಯಿಗೆ ಹಿಡಕೊಂಡು ಕೂತೆ.

ಇನ್ನ ವೈನಿಗೆ ಮಾತು ಕೊಟ್ಟ ಹೂರಣಾ. ಮೊದಲ ಸಲ ನಾ ಬರದದ್ದು ನಾಕ ಸಾಲು: ಬ್ಯಾಳಿ ಹದಕ್ಕ ಕುದಸೂದು, ಬಸದು ಬೆಲ್ಲಾ ಹಾಕೂದು, ಹದಕ್ಕ ಬರೂ ತನಕಾ ತಿರವೂದು, ರುಬ್ಬೂದು. ಸೊಸಿ ಕೈಯಾಗ ಕೊಟ್ಟು ಓದು ಅಂದೆ. ಅಕಿ ಎರಡೂ 'ಹದ'ದ ಮ್ಯಾಲೆ ಬಟ್ಟಿಟ್ಟು ನನ್ನ ಮಾರಿ ನೋಡಿದ್ಲು. ಅಷ್ಟ ಸಾಕಾತು. ತಿದ್ದಿದ್ದು ಇದು:

ಕಡ್ಲಿ ಬ್ಯಾಳಿ ಒಂದು ಬಟ್ಟಲಾ, ಬೆಲ್ಲದ ಪುಡಿ ಒಂದು ಬಟ್ಟಲಾ. ಬ್ಯಾಳಿ ಎರಡು ಬಟ್ಟಿನ ನಡುವ ಒತ್ತಿದ್ರ ಹಿಟ್ಟಾಗಬೇಕು, ಒತ್ತೂ ತನಕಾ ಕಾಳಿನ ಆಕಾರ ಇರಬೇಕು. ಚಾಳಣಿಗೆ ಸುರವಿ ಕಟ್ಟು ಪೂರಾ ಬಸೀಬೇಕು, ಹತ್ತು ನಿಮಿಷ ಹಂಗ ಬಿಡೂದು. ಕಟ್ಟು ಸಾರಿಗೆ ಇಡೂದು. ಬೆಲ್ಲಾ ಹಾಕಿದ ಮ್ಯಾಲೆ ಒಮ್ಮೆ ನೀರಾಗ್ತದ. ಅಂಜಬ್ಯಾಡ್ರಿ, ಎಲ್ಲಾರದೂ ಆಗ್ತದ. ಸಣ್ಣ ಉರಿ ಮ್ಯಾಲೆ ತಿರವೂದು. ಸೌಟು ನಡುವ ನಿಂದ್ರಿಸಿದ್ರ ಬೀಳಲಾರದ ನಿಂತ್ರ ಆತು. ಯಾಲಕ್ಕಿ ಹಾಕಿ ಬಿಸಿ ಇದ್ದಾಗ ರುಬ್ಬೂದು. ರುಬ್ಬಿದ ಮ್ಯಾಲೆ ಸಡಲ ಅನಸಿದ್ರ ಕೆಟ್ಟಿಲ್ಲ. ದಪ್ಪ ತಳದ ಪಾತೇಲ್ಯಾಗ ಹಾಕಿ ಮತ್ತ ಐದು ನಿಮಿಷ ಒಲಿ ಮ್ಯಾಲೆ. ಆಗಲೂ ಸಡಲ ಇದ್ರ ಎರಡು ಚಮಚ ಪುಠಾಣಿ ಹಿಟ್ಟು ಕೂಡಸೂದು. ಅದಕ್ಕೂ ಬಗ್ಗಲಿಲ್ಲಂದ್ರ ಹೋಳಿಗಿ ಬಿಟ್ಟು ಕಡಬು ಮಾಡಿ ಕರೀರಿ, ಯಾರೂ ಕೇಳೂದಿಲ್ಲ.

ಹೋದ ಶುಕ್ರವಾರ ಸೊಸಿ ಇದನ್ನ ಗ್ವಾಡಿಗೆ ಅಂಟಿಸಿ ಮಾಡಿದ್ಲು. ನಾ ಅಡಗಿಮನಿ ಬಾಗಲದಾಗ ಕುರ್ಚಿ ಹಾಕ್ಕೊಂಡು ಕೂತಿದ್ದೆ, ಕೈಯಾಗ ಪೆನ್ನು, ಹಾಳಿ. ಮಾತಾಡೂ ಹಂಗಿಲ್ಲ. ಬೆಲ್ಲಾ ಹಾಕಿದ ಮ್ಯಾಲೆ ಅಕಿ ಕೈ ನಿಂತಿತು. "ನೀರಾಗ್ಲಿಕ್ಹತ್ತದ… ಹಾಂ, ಅಂಜಬ್ಯಾಡ್ರಿ ಅಂತ ಬರದಾರ" ಅಂತ ಬಾಯಿ ಬಿಟ್ಟು ಹೇಳಿ ತಿರವಲಿಕ್ಹತ್ತಿದ್ಲು. ಸೌಟು ನಿಂತಿತು. ಹದಿನೆಂಟು ಹೋಳಿಗಿ ಆದ್ವು, ಎರಡು ಹರದ್ವು. ಆ ಎರಡು ಯಾಕ ಹರದ್ವು ಅಂತ ಅಕಿನ ಬಂದು ನನಗ ಕೇಳಿದ್ಲು.

ನಿಮ್ಮ ಮನ್ಯಾಗ ಯಾರರೆ ಮಾಡಿ ನೋಡ್ರಿ. ಎಲ್ಲೆ ಸಿಕ್ಕೊಂಡ್ರಿ ಅಂತ ನನಗ ತಪ್ಪಲಾರದ ತಿಳಿಸ್ರಿ, ತಿದ್ದತೀನಿ. ಸಿಕ್ಕೊಂಡ್ರ ತಪ್ಪು ನಿಮ್ಮದಲ್ಲ, ನಾ ಬರದದ್ದರದು.